ತೊಗರಿ ಕಟ್ಟಿಗೆಯಿಂದ ಎಥೆನಾಲ್: ಕಲಬುರಗಿ ಮೊದಲು ಹಾಕಬೇಕಾದ ಲೆಕ್ಕ

ಒಂದರ ಪಕ್ಕ ಒಂದಿಟ್ಟು ಓದಿದರೆ ತಾಳೆಯಾಗದ ಎರಡು ಸುದ್ದಿಗಳು ಕಲ್ಯಾಣ ಕರ್ನಾಟಕದ ರೈತರನ್ನು ಗೊಂದಲಕ್ಕೆ ಕೆಡವಿವೆ. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಉತ್ತರ ಕರ್ನಾಟಕದಲ್ಲಿ ಹೋರಾಟ ನಡೆದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಧಾನಿಗೆ ಪತ್ರ ಬರೆದರು. ರಾಜ್ಯದ ಡಿಸ್ಟಿಲರಿಗಳಿಗೆ ವರ್ಷಕ್ಕೆ ಸುಮಾರು 270 ಕೋಟಿ ಲೀಟರ್ ಎಥೆನಾಲ್ ತಯಾರಿಸುವ ಸಾಮರ್ಥ್ಯವಿದ್ದರೂ ಸಿಕ್ಕಿರುವ ಖರೀದಿ ಹಂಚಿಕೆ 47 ಕೋಟಿ ಲೀಟರ್ ಮಾತ್ರ ಎಂಬುದು ಅವರ ದೂರಾಗಿತ್ತು. ಕೇಂದ್ರದ ಪರವಾಗಿ ಮಾತನಾಡಿದವರು ಅದನ್ನು ಒಪ್ಪಲಿಲ್ಲ. ಅದಕ್ಕೆ ಎರಡು ತಿಂಗಳ ಮೊದಲು, ಸೆಪ್ಟೆಂಬರ್‌ನಲ್ಲಿ, ಅಸ್ಸಾಂನ ನುಮಾಲಿಗಢದಲ್ಲಿ ಬಿದಿರಿನಿಂದ ಎಥೆನಾಲ್ ತೆಗೆಯುವ ದೊಡ್ಡ ಘಟಕ ಉದ್ಘಾಟನೆಯಾಯಿತು. ಬೆಳೆಯ ಉಳಿಕೆಯಿಂದ ಇಂಧನ ತೆಗೆಯುವ ಘಟಕಗಳಿಗೆ ಕೇಂದ್ರದ ನೆರವು 2028-29ರವರೆಗೂ ವಿಸ್ತರಣೆಯಾಗಿದೆ.

ತಯಾರಾದ ಎಥೆನಾಲ್‌ಗೇ ಸಾಕಷ್ಟು ಖರೀದಿಯಿಲ್ಲ ಎನ್ನುವಾಗ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಭತ್ತದ ಹುಲ್ಲುಗಳಿಂದ ಇನ್ನಷ್ಟು ಎಥೆನಾಲ್ ತೆಗೆಯುವುದು ಯಾತಕ್ಕೆ? ತೆಗೆದರೆ ಅದರಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ರೈತನ ಪಾಲು ಎಷ್ಟು? ಕಟ್ಟಿಗೆಯಿಂದ ಎಥೆನಾಲ್ ಬರುತ್ತದೆ ಎಂಬುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಂಥ ಘಟಕದ ಅಳಿವು ಉಳಿವು ಪ್ರಯೋಗಾಲಯದಲ್ಲಿ ನಿರ್ಧಾರವಾಗುವುದಿಲ್ಲ. ಹೊಲದಿಂದ ಘಟಕದ ಗೇಟಿನವರೆಗಿನ ಸಾಗಣೆಯಲ್ಲಿ ಮತ್ತು ಖರೀದಿಯ ಕರಾರಿನಲ್ಲಿ ನಿರ್ಧಾರವಾಗುತ್ತದೆ. ಈ ಎರಡರ ಬಗ್ಗೆ ನಮ್ಮಲ್ಲಿ ಚರ್ಚೆ ಸಾಲದಾಗಿದೆ.

ಎಲ್ಲ ಎಥೆನಾಲ್ ಒಂದೇ, ಮೂಲ ಬೇರೆ

ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ಯಾವುದರಿಂದ ಬಂದರೂ ರಾಸಾಯನಿಕವಾಗಿ ಒಂದೇ. ವ್ಯತ್ಯಾಸವಿರುವುದು ಕಚ್ಚಾ ವಸ್ತುವಿನಲ್ಲಿ. ಕಬ್ಬಿನ ಹಾಲಿನಲ್ಲಿ ಮತ್ತು ಕಾಕಂಬಿಯಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ, ಯೀಸ್ಟ್ ಹಾಕಿ ಹುದುಗಿಸಿದರೆ ಸಾಕು. ಗೋವಿನಜೋಳ ಮತ್ತು ಅಕ್ಕಿಯಲ್ಲಿರುವುದು ಪಿಷ್ಟ. ಅದನ್ನು ಮೊದಲು ಸಕ್ಕರೆಯಾಗಿ ಒಡೆಯಬೇಕು, ಅದು ಕಷ್ಟದ ಕೆಲಸವಲ್ಲ. ಈ ಎರಡನ್ನೂ ಮೊದಲ ತಲೆಮಾರಿನ ಎಥೆನಾಲ್ ಎನ್ನುತ್ತಾರೆ. ದಂಟು, ಹುಲ್ಲು, ಕಬ್ಬಿನ ಸಿಪ್ಪೆ, ಮರದ ಚಕ್ಕೆಗಳಿಂದ ತೆಗೆಯುವುದು ಎರಡನೇ ತಲೆಮಾರಿನದು.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಎರಡನ್ನೂ ಪ್ರೋತ್ಸಾಹಿಸಿತು. ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಮೊದಲು 2030ಕ್ಕೆ ಇಡಲಾಗಿತ್ತು. 2022ರ ತಿದ್ದುಪಡಿ ಅದನ್ನು 2025-26ಕ್ಕೆ ಹಿಂದಕ್ಕೆ ತಂದಿತು. 2022ರ ಜೂನ್‌ನಲ್ಲಿ ಶೇ 10 ದಾಟಿದ ಮಿಶ್ರಣ 2025ರಲ್ಲಿ ಶೇ 20ರ ಹತ್ತಿರ ಬಂದು ನಿಂತಿತು. ಇಷ್ಟು ವೇಗವಾಗಿ ಗುರಿ ಮುಟ್ಟಿದ್ದು ಕಬ್ಬು ಮತ್ತು ಧಾನ್ಯದ ಬಲದಿಂದ. ದಂಟಿನ ಎಥೆನಾಲ್‌ನ ಕೊಡುಗೆ ಅದರಲ್ಲಿ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.

ಕಟ್ಟಿಗೆಯೊಳಗಿನ ಸಕ್ಕರೆಯನ್ನು ಬಿಡಿಸುವುದು

ಯಾವುದೇ ಗಿಡದ ದಂಟಿನಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಮೊದಲೆರಡು ಸಕ್ಕರೆಯ ಕಣಗಳು ಸರಪಳಿಯಾಗಿ ಕೂಡಿ ಆದವು. ಗೋಡೆಯ ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ ಲಿಗ್ನಿನ್ ಅವುಗಳನ್ನು ಬಿಗಿದು ಹಿಡಿದಿರುತ್ತದೆ. ಗಿಡ ಗಾಳಿಗೆ ಬೀಳದೆ ನಿಲ್ಲುವುದು, ದಂಟು ಬೇಗ ಕೊಳೆಯದಿರುವುದು ಈ ಬಿಗಿಯಿಂದಲೇ. ಎಥೆನಾಲ್ ಬೇಕೆಂದರೆ ಈ ಬಿಗಿಯನ್ನು ಸಡಿಲಿಸಬೇಕು, ಖರ್ಚೆಲ್ಲ ಬರುವುದು ಅಲ್ಲಿ.

ದಂಟನ್ನು ಕತ್ತರಿಸಿ, ಕಲ್ಲು ಮಣ್ಣು ತೆಗೆದು, ದುರ್ಬಲ ಆಮ್ಲದೊಡನೆ ಹೆಚ್ಚಿನ ಒತ್ತಡದ ಹಬೆಯಲ್ಲಿ ಬೇಯಿಸಬೇಕು. ಆಮೇಲೆ ಶಿಲೀಂಧ್ರಗಳಿಂದ ತಯಾರಿಸಿದ ಕಿಣ್ವಗಳನ್ನು ಸೇರಿಸಿದರೆ ಸೆಲ್ಯುಲೋಸ್ ನಿಧಾನವಾಗಿ ಸಕ್ಕರೆಯಾಗಿ ಒಡೆಯುತ್ತದೆ. ಹೆಮಿಸೆಲ್ಯುಲೋಸ್‌ನಿಂದ ಬರುವ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಐದು ಇಂಗಾಲದ್ದು; ಸಾಮಾನ್ಯ ಯೀಸ್ಟ್ ಅದನ್ನು ಮುಟ್ಟುವುದಿಲ್ಲ, ಅದಕ್ಕಾಗಿಯೇ ಮಾರ್ಪಡಿಸಿದ ತಳಿ ಬೇಕು. ಬೇಯಿಸುವಾಗ ಹುಟ್ಟುವ ಕೆಲವು ರಾಸಾಯನಿಕಗಳು ಯೀಸ್ಟ್‌ಗೇ ಮಾರಕವಾಗುತ್ತವೆ. ಕೊನೆಗೆ ಉಳಿಯುವ ಲಿಗ್ನಿನ್ ಅನ್ನು ಬಾಯ್ಲರಿಗೆ ಹಾಕಿ ಹಬೆ ಮತ್ತು ವಿದ್ಯುತ್ ಪಡೆಯಬಹುದು, ಅದೊಂದು ಅನುಕೂಲ.

ಎಲ್ಲ ದಂಟೂ ಒಂದೇ ಬಗೆಯಲ್ಲಿ ಒಡೆಯುವುದಿಲ್ಲ. ಶಹಾಪುರ, ಸುರಪುರದ ಕಾಲುವೆ ಪ್ರದೇಶದ ಭತ್ತದ ಹುಲ್ಲಿನಲ್ಲಿ ಲಿಗ್ನಿನ್ ಕಡಿಮೆ, ಆದರೆ ಸಿಲಿಕಾ ಹೆಚ್ಚಾದ್ದರಿಂದ ಯಂತ್ರ ಸವೆಯುತ್ತದೆ, ಬೂದಿ ವಿಪರೀತ. ತೊಗರಿ ಮತ್ತು ಹತ್ತಿ ಕಟ್ಟಿಗೆ ಗುಣದಲ್ಲಿ ಮರಕ್ಕೆ ಹತ್ತಿರ. ಅವುಗಳ ಬಿಗಿ ಗಟ್ಟಿ. ಹುಲ್ಲಿಗೆಂದು ರೂಪಿಸಿದ ಘಟಕ ತೊಗರಿ ಕಟ್ಟಿಗೆಗೂ ಹಾಗೆಯೇ ಹೊಂದುತ್ತದೆ ಎಂದು ಭಾವಿಸುವುದು ತಪ್ಪು.

ಲೀಟರಿಗೆ ಎಷ್ಟು ಬೀಳುತ್ತದೆ

ಇಂಡಿಯನ್ ಆಯಿಲ್ ಕಂಪನಿ ಹರಿಯಾಣದ ಪಾಣಿಪತ್‌ನಲ್ಲಿ ಕಟ್ಟಿದ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ವೆಚ್ಚ 900 ಕೋಟಿ ರೂಪಾಯಿಗೂ ಹೆಚ್ಚು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲು ತೆಗೆದುಕೊಂಡು 3 ಕೋಟಿ ಲೀಟರ್ ಎಥೆನಾಲ್ ಕೊಡುವಂತೆ ಅದನ್ನು ಯೋಜಿಸಲಾಗಿದೆ. ಅಂದರೆ ಒಂದು ಟನ್ ಹುಲ್ಲಿಗೆ 150 ಲೀಟರ್. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಬರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಈ ಅಂಕಿಗಳಿಂದಲೇ ಒಂದು ಒರಟು ಲೆಕ್ಕ ಹಾಕಬಹುದು. ವಾರ್ಷಿಕ ಒಂದು ಲೀಟರ್ ಸಾಮರ್ಥ್ಯಕ್ಕೆ ಬಂಡವಾಳ 300 ರೂಪಾಯಿ. ಬಡ್ಡಿಯನ್ನು ಬಿಟ್ಟು ಹತ್ತು ವರ್ಷಕ್ಕೆ ಹಂಚಿದರೂ ಲೀಟರಿಗೆ 30 ರೂಪಾಯಿ ಬಂಡವಾಳದ ಭಾರವೇ ಬೀಳುತ್ತದೆ, ಅದೂ ಘಟಕ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ. ಗೇಟಿಗೆ ತಲುಪಿದ ದಂಟಿಗೆ ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಲೀಟರಿಗೆ ಇನ್ನೂ 20 ರೂಪಾಯಿ. ಇಲ್ಲಿಗೆ 50 ಆಯಿತು. ಕಿಣ್ವ, ಆಮ್ಲ, ನೀರು, ಕೂಲಿ, ದುರಸ್ತಿ, ಬಡ್ಡಿ ಇನ್ನೂ ಸೇರಿಲ್ಲ. ತೈಲ ಕಂಪನಿಗಳು 2024-25ರ ಸಾಲಿಗೆ ಗೋವಿನಜೋಳದ ಎಥೆನಾಲ್‌ಗೆ ಕೊಟ್ಟ ದರ ಲೀಟರಿಗೆ 71.86 ರೂಪಾಯಿ, ಕಬ್ಬಿನ ಹಾಲಿನದಕ್ಕೆ 65.61 ರೂಪಾಯಿ, ಸಕ್ಕರೆ ತೆಗೆದು ಕೊನೆಗೆ ಉಳಿಯುವ ಸಿ-ಹೆವಿ ಕಾಕಂಬಿಯದಕ್ಕೆ 57.97 ರೂಪಾಯಿ.

ಈ ಇಕ್ಕಟ್ಟನ್ನು ತಿಳಿದೇ ಕೇಂದ್ರ ಸರ್ಕಾರ 2019ರಲ್ಲಿ ಪ್ರಧಾನಮಂತ್ರಿ ಜೀವನ್ ಯೋಜನೆಗೆ 1,969.50 ಕೋಟಿ ರೂಪಾಯಿ ತೆಗೆದಿಟ್ಟು, ವಾಣಿಜ್ಯ ಪ್ರಮಾಣದ ಒಂದು ಘಟಕಕ್ಕೆ ಗರಿಷ್ಠ 150 ಕೋಟಿ ರೂಪಾಯಿಯವರೆಗೆ ನೆರವು ಕೊಡಲು ಮುಂದಾಯಿತು. ಪಾಣಿಪತ್ ಜೊತೆಗೆ ಪಂಜಾಬಿನ ಬಠಿಂಡಾ, ಒಡಿಶಾದ ಬರಗಢ, ಅಸ್ಸಾಂನ ನುಮಾಲಿಗಢ ಪಟ್ಟಿಯಲ್ಲಿದ್ದವು. ಕರ್ನಾಟಕದಿಂದ ದಾವಣಗೆರೆ ಜಿಲ್ಲೆಯಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂ.ಆರ್.ಪಿ.ಎಲ್. ಕೈಗೊಳ್ಳಬೇಕಿದ್ದ ಘಟಕವೂ ಇತ್ತು. ಅದು ಘೋಷಣೆಯಾಗಿ ವರ್ಷಗಳು ಕಳೆದರೂ ಪಾಣಿಪತ್‌ನಷ್ಟು ಮುಂದೆ ಸಾಗಲಿಲ್ಲ. ನೆರವು ಬಂಡವಾಳದ ಭಾರವನ್ನು ಇಳಿಸುತ್ತದೆ. ದಂಟು ಹೊತ್ತು ತರುವ ಖರ್ಚನ್ನು ಇಳಿಸುವುದಿಲ್ಲ.

ಹೊರದೇಶಗಳಲ್ಲಿ ಬಿದ್ದ ಪೆಟ್ಟು

ಇದು ನಮ್ಮ ದೇಶದ ತೊಡಕಷ್ಟೇ ಅಲ್ಲ. ಅಮೆರಿಕದ ಅಯೋವಾದಲ್ಲಿ ಡ್ಯೂಪಾಂಟ್ 2015ರಲ್ಲಿ ತೆರೆದ ಗೋವಿನಜೋಳದ ದಂಟಿನ ಘಟಕ ಎರಡೇ ವರ್ಷದಲ್ಲಿ ನಿಂತಿತು. ಕಾನ್ಸಾಸ್‌ನಲ್ಲಿ ಅಬೆಂಗೋವಾ 2014ರಲ್ಲಿ ತೆರೆದ ಘಟಕ ಮರುವರ್ಷವೇ ಮುಚ್ಚಿತು. ಪೋಯೆಟ್ ಮತ್ತು ಡಿ.ಎಸ್.ಎಂ. ಕೂಡಿ ನಡೆಸಿದ ಘಟಕ 2019ರಲ್ಲಿ ಉತ್ಪಾದನೆ ನಿಲ್ಲಿಸಿತು. ಕ್ಲಾರಿಯಂಟ್ ರೊಮೇನಿಯಾದಲ್ಲಿ ಗೋಧಿ ಹುಲ್ಲಿಗಾಗಿ ಕಟ್ಟಿದ್ದು 2023ರ ಕೊನೆಗೆ ಬಾಗಿಲು ಹಾಕಿತು. ಮರದ ಚಕ್ಕೆಯನ್ನು ನಂಬಿದ ಜಾರ್ಜಿಯಾದ ರೇಂಜ್ ಫ್ಯೂಯಲ್ಸ್ ಅದಕ್ಕೂ ಮುಂಚೆ, 2011ರಲ್ಲೇ ಮುಳುಗಿತ್ತು. ಇವರಿಗೆ ಹಣದ ಕೊರತೆಯಿರಲಿಲ್ಲ, ವಿಜ್ಞಾನಿಗಳ ಕೊರತೆಯೂ ಇರಲಿಲ್ಲ. ಹೊಲದಿಂದ ಬಂದ ದಂಟಿನ ಜೊತೆ ಬರುವ ಮಣ್ಣು ಕಲ್ಲು ಯಂತ್ರವನ್ನು ಕೆಡಿಸುವುದು, ಬೇಯಿಸುವ ಹಂತ ಪದೇ ಪದೇ ಕಟ್ಟಿಕೊಳ್ಳುವುದು, ಮಳೆಗೆ ನೆನೆದ ಬಣವೆ, ಕಚ್ಚಾ ತೈಲದ ಬೆಲೆ ಕುಸಿದಾಗ ಕಂಪನಿಗಳ ಆಸಕ್ತಿಯೂ ಕುಸಿಯುವುದು, ಇಂಥ ಕಾರಣಗಳು ಒಂದಿಲ್ಲೊಂದು ರೂಪದಲ್ಲಿ ಈ ಉದ್ಯಮವನ್ನು ಕಾಡಿವೆ.

ಉಳಿದು ಬೆಳೆದದ್ದು ಬ್ರೆಜಿಲಿನ ರೈಜೆನ್ ಕಂಪನಿಯ ಪ್ರಯತ್ನ. 2014ರಲ್ಲಿ ಪಿರಾಸಿಕಾಬಾದ ತನ್ನದೇ ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲಿ ಅದು ಮೊದಲ ಘಟಕ ಆರಂಭಿಸಿತು, 2024ರಲ್ಲಿ ಇನ್ನೊಂದನ್ನು ತೆರೆಯಿತು. ಅದಕ್ಕೂ ಏಳುಬೀಳು ತಪ್ಪಿಲ್ಲ. ಆದರೆ ಅದರ ಕಚ್ಚಾ ವಸ್ತು ಕಬ್ಬಿನ ಸಿಪ್ಪೆ. ಸಿಪ್ಪೆಯನ್ನು ಯಾರೂ ಹೊಲದಿಂದ ಆಯ್ದು ತರಬೇಕಿಲ್ಲ. ಅದು ಕಬ್ಬಿನ ಜೊತೆಗೇ ಗೇಟಿನೊಳಗೆ ಬಂದಿರುತ್ತದೆ, ತೊಳೆದು ಅರೆದೂ ಆಗಿರುತ್ತದೆ. ಈ ವ್ಯತ್ಯಾಸ ನಮ್ಮ ಮೂರು ಜಿಲ್ಲೆಗಳಿಗೆ ನೇರವಾಗಿ ಅನ್ವಯಿಸುತ್ತದೆ.

ಕಲಬುರಗಿಯ ಹೊಲದಲ್ಲಿ ಉಳಿಯುವುದೆಷ್ಟು

ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಬಿತ್ತನೆ ಐದು ಲಕ್ಷ ಹೆಕ್ಟೇರ್ ದಾಟುತ್ತದೆ. ಹಾಗಾಗಿ ಕಟ್ಟಿಗೆಗೆ ಬರವಿಲ್ಲ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಮನೆಬಳಕೆ ಕಳೆದು ಹೆಕ್ಟೇರಿಗೆ 1 ಟನ್ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಪಾಣಿಪತ್ ಗಾತ್ರದ ಒಂದೇ ಘಟಕಕ್ಕೆ 2 ಲಕ್ಷ ಹೆಕ್ಟೇರಿನ ಕಟ್ಟಿಗೆ ಬೇಕು. ಕಟ್ಟಿಗೆ ಹಗುರ, ಜಾಗ ಹೆಚ್ಚು ತಿನ್ನುತ್ತದೆ. ಒಂದು ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ 2 ಟನ್ ಹಿಡಿಯಿತು ಎಂದುಕೊಂಡರೆ ಒಟ್ಟು ಒಂದು ಲಕ್ಷ ಟ್ರಿಪ್. ತೊಗರಿ ರಾಶಿ ಮುಗಿಯುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಆಮೇಲಿನ ನೂರು ದಿನಗಳಲ್ಲಿ ಸಾಗಿಸಬೇಕೆಂದರೆ ದಿನಕ್ಕೆ ಸಾವಿರ ಟ್ರೇಲರ್ ಗೇಟಿಗೆ ಬರಬೇಕು. ಹಾಗೆ ತಂದದ್ದನ್ನು ಬೆಂಕಿ, ಗೆದ್ದಲು, ಮುಂಗಾರು ಮಳೆಯಿಂದ ಕಾಪಾಡಿ ಇಡೀ ವರ್ಷ ಬಳಸಬೇಕು.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಕೂಲಿಯಾಳು ಸಿಗದ ಕಾರಣಕ್ಕೆ ತೊಗರಿಯನ್ನು ಕಟಾವು ಯಂತ್ರದಿಂದ ಕೊಯ್ಯಿಸುವುದು ಹೆಚ್ಚುತ್ತಿದೆ. ಕೈಯಿಂದ ಕೊಯ್ದರೆ ಕಟ್ಟಿಗೆ ಒಂದೆಡೆ ರಾಶಿಯಾಗಿ ಸಿಗುತ್ತದೆ. ಯಂತ್ರ ಹೋದ ಹೊಲದಲ್ಲಿ ಮೋಟು ನೆಲದಲ್ಲೇ ನಿಂತು, ಉಳಿದದ್ದು ಪುಡಿಯಾಗಿ ಚೆಲ್ಲಿರುತ್ತದೆ. ಅದನ್ನು ಕೂಡಿಸಲು ಮತ್ತೊಂದು ಯಂತ್ರ, ಮತ್ತೊಂದು ಬಾಡಿಗೆ.

ರೈತನ ಕೈಗೆ ಬರುವುದೆಷ್ಟು? ಹೆಕ್ಟೇರಿಗೆ 1 ಟನ್ ಎಂದರೆ ಎಕರೆಗೆ 4 ಕ್ವಿಂಟಲ್. ಹೊಲದಲ್ಲೇ ಟನ್ನಿಗೆ 2,000 ರೂಪಾಯಿ ಕೊಟ್ಟರೆ ಎಕರೆಗೆ 800 ರೂಪಾಯಿ. ಕೂಡಿಸಿ ಕಟ್ಟುವ ಖರ್ಚು ರೈತನದೇ ಆದರೆ ಉಳಿಯುವುದು ಏನೂ ಇಲ್ಲ; ಸಂಗ್ರಹಿಸುವ ಹೊಣೆ ಕಂಪನಿಯದ್ದಾದರೆ ಮಾತ್ರ ಅದು ನಿಜವಾದ ಹೆಚ್ಚುವರಿ ಆದಾಯ. ಕರಾರಿನ ಈ ಒಂದು ಸಾಲಿನ ಮೇಲೆ ರೈತನ ಲಾಭ ನಷ್ಟ ನಿಂತಿದೆ.

ಕಟ್ಟಿಗೆಗೆ ಈಗಾಗಲೇ ಇರುವ ಬಳಕೆದಾರರನ್ನೂ ಮರೆಯುವಂತಿಲ್ಲ. ಸಿಲಿಂಡರ್ ಬಂದಿದ್ದರೂ ಅದನ್ನು ಮತ್ತೆ ತುಂಬಿಸಲು ಹಣ ಸಾಲದ ಮನೆಗಳಲ್ಲಿ ತೊಗರಿ ಕಟ್ಟಿಗೆಯೇ ಒಲೆಯ ಆಧಾರ. ಭೂಮಿಯಿಲ್ಲದ ಕುಟುಂಬಗಳ ಹೆಣ್ಣುಮಕ್ಕಳು ಇದನ್ನು ಹೊಲದಿಂದ ಹೊತ್ತು ತರುತ್ತಾರೆ, ಅದಕ್ಕೆ ಯಾರೂ ಬೆಲೆ ಕೇಳುವುದಿಲ್ಲ. ಕಟ್ಟಿಗೆಗೆ ಟನ್ನಿನ ದರ ಬಂದ ಮರುದಿನ ಆ ಹೊರೆ ಪುಕ್ಕಟೆಯಾಗಿ ಸಿಗುವುದಿಲ್ಲ. ಘಟಕದ ಯೋಜನಾ ವರದಿಗಳಲ್ಲಿ ಈ ಮನೆಗಳ ಲೆಕ್ಕ ಇರಲೇಬೇಕು ಎಂಬುದು ಈ ಲೇಖನದ ಖಚಿತ ನಿಲುವು. ತೊಗರಿ ಹೊಟ್ಟು ಮತ್ತು ಜೋಳದ ಕಣಕಿಯಂತೂ ದನಗಳ ಮೇವು. ಬರಗಾಲದಲ್ಲಿ ಕಣಕಿಯ ಬೆಲೆ ಏರುವ ಸೀಮೆ ಇದು, ಅವನ್ನು ಇಂಧನದ ಪಟ್ಟಿಗೆ ಸೇರಿಸಲೇಬಾರದು.

ಮಣ್ಣಿನ ಪಾಲು

ವಿಜ್ಞಾನಿಗಳ ನಡುವಿನ ಗಂಭೀರ ಭಿನ್ನಮತ ಇರುವುದು ಇಲ್ಲಿ. ಹೊಲದಲ್ಲಿ ಸುಡುವ ದಂಟನ್ನು ಇಂಧನಕ್ಕೆ ಕೊಟ್ಟರೆ ಹೊಗೆ ತಪ್ಪುತ್ತದೆ, ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಒಂದು ಪಕ್ಷ. ಸುಡುವುದೂ ಬೇಡ, ಒಯ್ಯುವುದೂ ಬೇಡ, ಮಣ್ಣಿಗೇ ಸೇರಿಸಿ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ತಪ್ಪಲ್ಲ. ಉತ್ತರ ಬೆಳೆಯಿಂದ ಬೆಳೆಗೆ ಬದಲಾಗುತ್ತದೆ.

ತೊಗರಿ ಗಿಡ ಬೆಳೆಯುವಾಗಲೇ ಎಲೆ ಉದುರಿಸುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಸುತ್ತದೆ. ಕಟ್ಟಿಗೆಯನ್ನು ಒಯ್ದರೂ ಮಣ್ಣಿಗೆ ಒಂದಷ್ಟು ಪಾಲು ಸಂದಿರುತ್ತದೆ. ನೆಟೆ ರೋಗ ಬಿದ್ದ ಹೊಲದಲ್ಲಿ ರೋಗದ ಶಿಲೀಂಧ್ರ ಗಿಡದ ಅವಶೇಷದ ಮೇಲೆ ಮೂರು ವರ್ಷದವರೆಗೂ ಬದುಕುವುದರಿಂದ ಬೇರು ಸಮೇತ ಕಿತ್ತು ಹೊರಹಾಕುವುದು ಲಾಭವೇ. ಹತ್ತಿಯಲ್ಲೂ ಹಾಗೆಯೇ: ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಕಟ್ಟಿಗೆಯನ್ನು ಹೊಲದಲ್ಲಿ ಬಿಟ್ಟರೆ ಗುಲಾಬಿ ಕಾಯಿಕೊರಕಕ್ಕೆ ಆಶ್ರಯ ಕೊಟ್ಟಂತೆ. ಯಾದಗಿರಿ ಮತ್ತು ಜೇವರ್ಗಿಯ ಹತ್ತಿ ಬೆಳೆಗಾರರಿಗೆ ಕಟ್ಟಿಗೆ ಒಯ್ಯುವ ಗಿರಾಕಿ ಸಿಕ್ಕರೆ ಅದು ಕೀಟ ನಿಯಂತ್ರಣವೂ ಆಗುತ್ತದೆ.

ಭತ್ತದ ಹುಲ್ಲಿನ ಮಾತು ಬೇರೆ. ಒಂದು ಟನ್ ಹುಲ್ಲಿನಲ್ಲಿ ಸುಮಾರು 15ರಿಂದ 20 ಕೆ.ಜಿ. ಪೊಟ್ಯಾಷಿಯಂ ಇರುತ್ತದೆ. ವರ್ಷಕ್ಕೆ ಎರಡು ಬೆಳೆ ತೆಗೆಯುವ ಕಾಲುವೆ ಪ್ರದೇಶದಲ್ಲಿ ಪ್ರತಿ ಬೆಳೆಯ ಹುಲ್ಲನ್ನೂ ಒಯ್ದರೆ ಆ ಕೊರತೆಯನ್ನು ರೈತ ಗೊಬ್ಬರದ ಚೀಲದಿಂದ ತುಂಬಬೇಕಾಗುತ್ತದೆ. ಹುಲ್ಲಿಗೆ ಸಿಗುವ ದರದಿಂದ ಈ ಖರ್ಚನ್ನು ಕಳೆಯದೆ ಲಾಭದ ಮಾತಾಡುವುದು ಸರಿಯಲ್ಲ. ಎರಡು ಬೆಳೆಯಲ್ಲಿ ಒಂದರ ಹುಲ್ಲನ್ನಷ್ಟೇ ಒಯ್ಯುವ ನಿಯಮ ಇದಕ್ಕೊಂದು ನಡುದಾರಿ.

ಮರ, ಬಿದಿರು, ಜಾಲಿ

ನುಮಾಲಿಗಢ ಘಟಕಕ್ಕೆ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಹಸಿ ಬಿದಿರು ಬೇಕು. ಈಶಾನ್ಯದ ಮಳೆಯಲ್ಲಿ ಬಿದಿರು ಹೇರಳ. ಕಲಬುರಗಿಯ ಒಣ ಹವೆಯಲ್ಲಿ ಅದನ್ನು ಆ ಪ್ರಮಾಣದಲ್ಲಿ ಬೆಳೆಯಬೇಕೆಂದರೆ ನೀರಾವರಿ ಬೇಕು, ಆಗ ಅದು ಉಳಿಕೆಯಿಂದ ತೆಗೆದ ಇಂಧನವಾಗಿ ಉಳಿಯುವುದಿಲ್ಲ. ಇಲ್ಲಿ ತಾನಾಗಿ ಹಬ್ಬಿರುವ ಮರವೆಂದರೆ ಬಳ್ಳಾರಿ ಜಾಲಿ. ಅದನ್ನು ಕಡಿದರೆ ಹುಲ್ಲುಗಾವಲಿಗೆ ಒಳ್ಳೆಯದೇ, ಆದರೆ ಅದು ಚದುರಿ ಬೆಳೆಯುವ ಮುಳ್ಳುಗಿಡ. ಸ್ಥಿರವಾದ ಪೂರೈಕೆ ಕೊಡಲಾರದು. ಪೂರೈಕೆ ಕುಂದಿದಾಗ ಕೊಡಲಿ ಎತ್ತ ತಿರುಗುತ್ತದೆ ಎಂಬ ಆತಂಕ ಸಹಜ. ಜಿಲ್ಲೆಯಲ್ಲಿ ಕಾಡು ಎನ್ನುವಂಥದ್ದು ಹೆಚ್ಚಾಗಿ ಉಳಿದಿರುವುದು ಚಿಂಚೋಳಿಯಲ್ಲಿ. ಹಾಗಾಗಿ ಮರವನ್ನು ಮುಖ್ಯ ಕಚ್ಚಾ ವಸ್ತುವಾಗಿ ಬರೆದ ಯಾವ ಪ್ರಸ್ತಾವವನ್ನೂ ಇಲ್ಲಿ ಒಪ್ಪಬಾರದು.

ತುಂಬಿದ ಮಾರುಕಟ್ಟೆಯಲ್ಲಿ ಜಾಗ ಯಾರದು

2025-26ರ ಎಥೆನಾಲ್ ಸಾಲಿಗೆ ತೈಲ ಕಂಪನಿಗಳು ಕೇಳಿದ್ದು 1,050 ಕೋಟಿ ಲೀಟರ್. ಡಿಸ್ಟಿಲರಿಗಳು ಕೊಡಲು ಮುಂದೆ ಬಂದದ್ದು ಸುಮಾರು 1,776 ಕೋಟಿ ಲೀಟರ್. ಹಂಚಿಕೆಯಲ್ಲಿ ಗೋವಿನಜೋಳಕ್ಕೆ ಹತ್ತಿರ ಹತ್ತಿರ ಶೇ 46, ಕಬ್ಬಿನ ಎಲ್ಲ ಮೂಲಗಳಿಗೆ ಸೇರಿ ಶೇ 28ರಷ್ಟು ಸಿಕ್ಕಿತು, ಉಳಿದದ್ದು ಅಕ್ಕಿ ಮತ್ತು ಕೆಟ್ಟ ಧಾನ್ಯದ ಪಾಲಾಯಿತು. ಮಿಶ್ರಣದ ಪ್ರಮಾಣ ಶೇ 20ಕ್ಕೆ ನಿಂತಿರುವವರೆಗೆ ಪೆಟ್ರೋಲ್ ಬಳಕೆ ಬೆಳೆದಷ್ಟೇ ಎಥೆನಾಲ್ ಬೇಡಿಕೆಯೂ ಬೆಳೆಯುತ್ತದೆ. ಮಿಶ್ರಣವನ್ನು ಇನ್ನೂ ಹೆಚ್ಚಿಸುವುದು ಸುಲಭವಲ್ಲ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಲೀಟರಿಗೆ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆಯಿದೆ, ಮೈಲೇಜ್ ಕುರಿತ ಅಸಮಾಧಾನ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು.

ಆದ್ದರಿಂದ ದಂಟಿನ ಎಥೆನಾಲ್ ಹೊಸ ಜಾಗ ಹುಡುಕುವಂತಿಲ್ಲ, ಬೇರೆಯದರ ಜಾಗವನ್ನು ತೆಗೆದುಕೊಳ್ಳಬೇಕು. ಅದರ ಪರವಾದ ಬಲವಾದ ವಾದ ಇರುವುದೂ ಇಲ್ಲಿಯೇ. ಆಹಾರ ನಿಗಮದ ಅಕ್ಕಿಯಲ್ಲಿ 52 ಲಕ್ಷ ಟನ್ನನ್ನು 2024-25ರ ಸಾಲಿನಲ್ಲಿ ಎಥೆನಾಲ್‌ಗೆ ಮೀಸಲಿಡಲಾಗಿತ್ತು. ಗೋವಿನಜೋಳದ ಡಿಸ್ಟಿಲರಿಯಿಂದ ಹೊರಬರುವ ಹಿಂಡಿಯಂಥ ಉಳಿಕೆ ಅಗ್ಗದ ಪಶು ಆಹಾರವಾಗಿ ಮಾರುಕಟ್ಟೆಗೆ ಬಂದು ಸೋಯಾ ಹಿಂಡಿಯ ಬೇಡಿಕೆಯನ್ನು ಕುಗ್ಗಿಸಿದೆ. ಹಿಂಡಿ ಅಗ್ಗವಾದರೆ ಸೋಯಾಬೀನ್ ಕಾಳಿಗೂ ದರ ಸಿಗುವುದಿಲ್ಲ, ಅದರ ಬಿಸಿ ಬೀದರ್ ಮತ್ತು ಆಳಂದದ ರೈತನಿಗೆ ತಟ್ಟುತ್ತದೆ. ಆಹಾರವಲ್ಲದ ದಂಟಿನಿಂದ ಬಂದ ಎಥೆನಾಲ್ ಅಕ್ಕಿಯ ಪಾಲನ್ನು ಕಡಿಮೆ ಮಾಡಿದರೆ ಅದು ದೇಶಕ್ಕೆ ಹಿತ. ಆದರೆ ಒಂದು ಪಾಣಿಪತ್ ಕೊಡುವುದು 3 ಕೋಟಿ ಲೀಟರ್, ಒಟ್ಟು ಅಗತ್ಯದ ಶೇ 0.3. ಮೀಸಲು ಕೋಟಾ ಮತ್ತು ದೀರ್ಘ ಅವಧಿಯ ದರವಿಲ್ಲದೆ ಅಗ್ಗದ ಧಾನ್ಯದೆದುರು ಅದು ನಿಲ್ಲಲಾರದು.

ಬೀದರ್‌ಗೆ ಒಂದು ದಾರಿ, ಕಲಬುರಗಿಗೆ ಇನ್ನೊಂದು

ಬೀದರ್ ಜಿಲ್ಲೆಯಲ್ಲಿ ಮತ್ತು ಅಫಜಲಪುರ, ಆಳಂದ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಅರೆದ ಕಬ್ಬಿನ ತೂಕದ ಶೇ 28ರಿಂದ 30ರಷ್ಟು ಸಿಪ್ಪೆಯಾಗಿ ಹೊರಬರುತ್ತದೆ. ಅದನ್ನು ಈಗ ಬಾಯ್ಲರಿಗೆ ಹಾಕಿ ವಿದ್ಯುತ್ ತಯಾರಿಸುತ್ತಾರೆ. ಕಬ್ಬು ಕಡಿದ ಮೇಲೆ ಉಳಿಯುವ ರವದಿಯನ್ನು ಮಾತ್ರ ಹೆಚ್ಚಿನ ಕಡೆ ಹೊಲದಲ್ಲೇ ಸುಡಲಾಗುತ್ತದೆ. ರವದಿಯ ಒಂದು ಭಾಗವನ್ನು ನೆಲಕ್ಕೆ ಮುಚ್ಚಿಗೆಯಾಗಿ ಬಿಟ್ಟು, ಉಳಿದದ್ದನ್ನು ಬಾಯ್ಲರಿಗೆ ತಂದು, ಉಳಿತಾಯವಾದ ಸಿಪ್ಪೆಯನ್ನು ಎಥೆನಾಲ್‌ಗೆ ಬಳಸುವುದು ಬ್ರೆಜಿಲಿನ ಅನುಭವಕ್ಕೆ ಹತ್ತಿರವಾದ ದಾರಿ. ಡಿಸ್ಟಿಲರಿ, ನೀರು, ತ್ಯಾಜ್ಯ ಶುದ್ಧೀಕರಣದ ವ್ಯವಸ್ಥೆಗಳು ಅಲ್ಲಿ ಅರ್ಧದಷ್ಟು ಈಗಾಗಲೇ ಇವೆ. ಸಹಕಾರಿ ಕಾರ್ಖಾನೆಗಳ ಸಾಲದ ಸ್ಥಿತಿ ನೋಡಿದರೆ ಇಷ್ಟು ಬಂಡವಾಳ ಹೂಡುವ ಶಕ್ತಿ ಅವುಗಳಿಗಿಲ್ಲ ಎಂಬ ಆಕ್ಷೇಪವಿದೆ, ಅದು ನ್ಯಾಯವಾದದ್ದೇ.

ತೊಗರಿ ಕಟ್ಟಿಗೆಗೆ ಎಥೆನಾಲ್‌ಗಿಂತ ಹತ್ತಿರದ ಗಿರಾಕಿಗಳಿದ್ದಾರೆ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಕಲ್ಲಿದ್ದಲಿನ ಜೊತೆ ಬ್ರಿಕೆಟ್, ಅಂದರೆ ಕಟ್ಟಿಗೆಯ ಪುಡಿಯನ್ನು ಒತ್ತಿ ಮಾಡಿದ ಗಟ್ಟಿ, ಹಾಕಬಹುದು. ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನೊಡನೆ 2024-25ರಿಂದ ಶೇ 5, 2025-26ರಿಂದ ಶೇ 7ರಷ್ಟು ಬೆಳೆಯುಳಿಕೆಯ ಉಂಡೆಗಳನ್ನು ಉರಿಸಬೇಕು ಎಂಬುದು ಕೇಂದ್ರ ಇಂಧನ ಸಚಿವಾಲಯದ 2023ರ ನೀತಿಯಾಗಿತ್ತು. ರಾಯಚೂರಿನ ಸ್ಥಾವರ ಇಲ್ಲಿಗೆ ದೂರವಲ್ಲ. ಬ್ರಿಕೆಟ್ ಮಾಡುವ ಯಂತ್ರ ನೂರಾರು ಕೋಟಿ ಕೇಳುವುದಿಲ್ಲ, ಹೋಬಳಿಗೊಂದನ್ನು ರೈತ ಉತ್ಪಾದಕ ಕಂಪನಿಯೇ ನಡೆಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಅನುದಾನವನ್ನು ಮೊದಲು ಈ ಸಂಗ್ರಹ ಕೇಂದ್ರಗಳಿಗೆ ಕೊಟ್ಟರೆ, ಕಟ್ಟಿಗೆ ನಿಜವಾಗಿ ಎಷ್ಟು ಸಿಗುತ್ತದೆ, ಯಾವ ದರಕ್ಕೆ ಸಿಗುತ್ತದೆ ಎಂಬುದು ಎರಡು ಮೂರು ಹಂಗಾಮಿನಲ್ಲಿ ಗೊತ್ತಾಗುತ್ತದೆ. ಎಥೆನಾಲ್ ಘಟಕ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಆಗ ಆಧಾರವಿರುತ್ತದೆ. ಬೇಸಿಗೆಯಲ್ಲಿ ಭೀಮಾ ನದಿ ಬತ್ತುವ ಜಿಲ್ಲೆಯಲ್ಲಿ ಆ ಘಟಕಕ್ಕೆ ನೀರು ಎಲ್ಲಿಂದ ಎಂಬ ಪ್ರಶ್ನೆಗೂ ಆ ಅವಧಿಯಲ್ಲಿ ಉತ್ತರ ಸಿದ್ಧವಾಗಬೇಕು.

ಎಥೆನಾಲ್ ಪೂರೈಕೆಯ ವರ್ಷ ನವೆಂಬರ್‌ನಲ್ಲಿ ಆರಂಭವಾಗುತ್ತದೆ, ತೈಲ ಕಂಪನಿಗಳ ಟೆಂಡರ್ ಅದಕ್ಕೆ ಮುಂಚೆ ಹೊರಬೀಳುತ್ತದೆ. ಬರುವ ಟೆಂಡರ್‌ಗಳಲ್ಲಿ ಓದಬೇಕಾದದ್ದು ಎರಡು ವಿಷಯ: ಎರಡನೇ ತಲೆಮಾರಿನ ಎಥೆನಾಲ್‌ಗೆ ಪ್ರತ್ಯೇಕ ಪ್ರಮಾಣ ಮೀಸಲಾಗಿದೆಯೇ, ಮತ್ತು ಅದರ ದರ ಒಂದು ವರ್ಷಕ್ಕೋ ಹತ್ತು ವರ್ಷಕ್ಕೋ. ಇವೆರಡೂ ಇಲ್ಲದೆ ಈ ಭಾಗದಲ್ಲಿ ಯಾರಾದರೂ ಘಟಕಕ್ಕೆ ಜಮೀನು ಕೇಳಿದರೆ, ಜಮೀನು ಕೊಡುವ ಮೊದಲು ಕಟ್ಟಿಗೆಯ ದರ, ಸಂಗ್ರಹದ ಹೊಣೆ ಮತ್ತು ಕರಾರಿನ ಅವಧಿಯನ್ನು ಬರಹದಲ್ಲಿ ಕೇಳುವ ಹಕ್ಕು ಗ್ರಾಮಸ್ಥರಿಗಿದೆ.